ಜೈಲು ಕಂಡ ಕೈ

ನಗರದ ಆ ಹಳೇ ಜೈಲನ್ನು ಕಂಡು ಎದೆ ನಡುಗಿದವರು, ಶಾಪ ಹಾಕಿದವರು ಲೆಕ್ಕವಿಲ್ಲದಷ್ಟು ಮಂದಿ ಇದ್ದಾರು. ಅದನ್ನು ಕಂಡು ಬೆರಗಾದವರು ಮಾತ್ರ ನಾನು ಮತ್ತು ನಮ್ಮಪ್ಪ ಇಬ್ಬರೇ ಇರಬೇಕು.

ನನಗಾಗ ಏಳು ವರ್ಷ. ರಾವಂದೂರಿನ ಹತ್ತಿರದ ನಮ್ಮೂರಿನಿಂದ ಅವ್ವನ ಜೊತೆ ಎರಡು ಬಸ್ಸು ಬದಲಾಯಿಸಿ ಅಪ್ಪನನ್ನು ನೋಡಲು ಹೋಗಿದ್ದೆ. ಗದ್ದೆ ಬದುವಿನ ಜಗಳದಲ್ಲಿ ಅಪ್ಪ ತನ್ನ ಚಿಕ್ಕಪ್ಪನ ಮಗನಿಗೆ ಗುದ್ದಲಿ ಕಾವಿನಿಂದ ಹೊಡೆದಿದ್ದ. ಆತನ ಬಲ ಮೊಳಕೈ ಮುರಿಯಿತು, ಮತ್ತೆ ನೆಟ್ಟಗಾಗಲಿಲ್ಲ. ಅಪ್ಪನಿಗೆ ಮೂರು ವರ್ಷ ಶಿಕ್ಷೆಯಾಯಿತು. ಕೃಷ್ಣನ ಜನ್ಮಸ್ಥಾನಕ್ಕೆ ಹೋಗಿದ್ದಾನೆ ಅಂತ ಊರವರು ಬಾಯಿಗೆ ಟವೆಲ್ ಅಡ್ಡ ಹಿಡಿದು ನಕ್ಕರು. ಆ ಜೈಲಿನ ಗೋಡೆ ಮೇಲೆ ಕಾಗೆಯೂ ಕೂರುವುದಿಲ್ಲವಂತೆ, ಒಳಗೆ ಹೋದವನು ಹೋದ ಹಾಗೆ ಬರುವುದಿಲ್ಲವಂತೆ ಎಂದು ಅವ್ವನನ್ನು ಹೆದರಿಸಿದರು. ಅವ್ವ ಬಾಗಿಲ ಮುಂದಿನ ಸಾಲಿನಲ್ಲಿ ನಿಂತು ಅಳುತ್ತಿದ್ದಳು. ನಾನು ತಲೆ ಎತ್ತಿ ಗೋಡೆ ನೋಡುತ್ತಿದ್ದೆ. ಅಷ್ಟು ಎತ್ತರದ ಗೋಡೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕಾಗೆಗಳು ಸಾಲಾಗಿ ಕೂತಿದ್ದವು.

ಅಪ್ಪ ಬಿಡುಗಡೆಯಾಗಿ ಬಂದ ಮೇಲೆ ಜೈಲಿನ ಊಟದ ಬಗ್ಗೆ, ಹೊಡೆತದ ಬಗ್ಗೆ ಒಂದು ಮಾತೂ ಆಡಲಿಲ್ಲ. ಕೇಳಿದವರಿಗೆಲ್ಲ ಗೋಡೆಗಳ ಕತೆ ಹೇಳಿದ. ಜನಕ್ಕೆ ಬೇಜಾರಾಗಿ ಕೇಳುವುದನ್ನೇ ಬಿಟ್ಟರು. ನಾನೊಬ್ಬಳು ಕೇಳುತ್ತ ಕೂತೆ.

ಆಗ ಸಿಮೆಂಟಿಗೆ ಪರ್ಮಿಟ್ಟು ಬೇಕಿದ್ದ ಕಾಲ. ಹಳೇ ಜೈಲಿನ ಬಿರುಕುಗಳನ್ನು ಹಳೇ ಗಾರೆಯಿಂದಲೇ ಮುಚ್ಚಬೇಕಿತ್ತು. ಕೇರಳದ ಗಡಿ ಕಡೆಯ ಒಬ್ಬ ಮುದುಕ, ಅವನೂ ಕೈದಿಯೇ, ಆ ಕೆಲಸ ಬಲ್ಲವನು. ಅವನ ಕೈಕೆಳಗೆ ಅಪ್ಪನನ್ನು ಹಾಕಿದರು. ಸುಣ್ಣ ಅರಳಿಸಿ, ವಾರಗಟ್ಟಲೆ ನೀರಲ್ಲಿ ಮುಳುಗಿಸಿಟ್ಟು, ಮರಳು ಬೆರೆಸಿ ಕಲ್ಲಿನ ಗಾಣದಲ್ಲಿ ಅರೆಯಬೇಕು. ಅಳಲೆಕಾಯಿ ನೆನೆಸಿದ ನೀರು, ಬೆಲ್ಲದ ನೀರು ಹದವಾಗಿ ಬೀಳಬೇಕು. ಅರೆದ ಗಾರೆಯನ್ನು ಮುದುಕ ಬೆರಳಲ್ಲಿ ಎತ್ತಿ ನಾಲಿಗೆಗೆ ಮುಟ್ಟಿಸಿ, ಮಲಯಾಳ ಬೆರೆತ ಕನ್ನಡದಲ್ಲಿ ಬೈದು, ಇನ್ನೂ ಅರೆ ಎನ್ನುತ್ತಿದ್ದನಂತೆ. ಅಪ್ಪ ಹೊಲದಲ್ಲಿ ಯಾರ ಮಾತನ್ನೂ ಕೇಳದ ಸಿಡುಕ. ಆ ಮುದುಕನ ಮಾತಿಗೆ ಮಾತ್ರ ತಲೆ ತಗ್ಗಿಸಿ ಅರೆದ.

ಜೈಲಿನ ಚರಿತ್ರೆಯನ್ನು ಅಪ್ಪ ಓದಿದ್ದೂ ಗೋಡೆಯಲ್ಲೇ. ಅರಸರ ಕಾಲದ ಭಾಗ ಪೂರಾ ಕಲ್ಲು, ಸಂದಿಗೆ ಸುಣ್ಣದ ಗಾರೆ. ಅದಕ್ಕೆ ಅಂಟಿಕೊಂಡಂತೆ ಮುಂದೆ ಯಾವಾಗಲೋ ಎಬ್ಬಿಸಿದ ಇಟ್ಟಿಗೆಯ ಸಾಲು ಕೋಣೆಗಳು. ಕೊನೆಗೆ ಹಿತ್ತಲಲ್ಲಿ ನಮ್ಮ ಕಾಲದ ಸಿಮೆಂಟಿನ ಶೆಡ್ಡುಗಳು. ಇವುಗಳ ಬಗ್ಗೆ ಕೇಳಿದರೆ ಅಪ್ಪ ಮೂಗು ಮುರಿಯುತ್ತಿದ್ದ. ಹೊರಗೋಡೆ ಬುಡದಲ್ಲಿ ಎತ್ತಿನ ಗಾಡಿಯ ಅಗಲ, ಮೇಲೆ ಹೋಗುತ್ತ ಸಣ್ಣ. ತಲೆ ಮಾತ್ರ ದುಂಡಗೆ, ಎಸೆದ ಹಗ್ಗ ಕಚ್ಚಿಕೊಳ್ಳದೆ ಜಾರಲಿ ಅಂತ. ಆ ಗೋಡೆಯ ಕಲ್ಲು ಹೊತ್ತವರು, ಕಟ್ಟಿದವರು ಕೈದಿಗಳೇ ಅಂತೆ. ಬಯಲಲ್ಲಿ ಗುಡಿಸಲು ಹಾಕಿಕೊಂಡು ಇದ್ದು, ತಮ್ಮ ಸುತ್ತಲೂ ತಾವೇ ಗೋಡೆ ಎಬ್ಬಿಸಿದರಂತೆ.

"ತಮ್ಮ ಜೈಲನ್ನ ತಾವೇ ಅಷ್ಟು ಚೆನ್ನಾಗಿ ಯಾಕಪ್ಪ ಕಟ್ಟಿದ್ರು? ಒಂದು ಕಡೆ ಸಡಿಲ ಬಿಡಬಾರ್ದಿತ್ತಾ?" ಅಂತ ನಾನು ಕೇಳಿದ್ದೆ.

"ಗೋಡೆ ಕಟ್ಟೋನು ಯಾರ್ಗೆ ಕಟ್ತಾವ್ನೆ ಅಂತ ನೋಡಕಿಲ್ಲ ಕಣವ್ವ, ದಾರ ನೆಟ್ಟಗದಾ ಅಂತ ನೋಡ್ತಾನೆ" ಅಂದ ಅಪ್ಪ.

ಹೊಲದವನಾಗಿ ಹೋದವನು ಮೇಸ್ತ್ರಿಯಾಗಿ ಬಂದ. ಮೊದಲು ಮಾಡಿದ ಕೆಲಸ, ತಾನು ಕೈ ಮುರಿದ ತಮ್ಮನ ಮನೆಯ ಬಿದ್ದ ಗೋಡೆ ಎಬ್ಬಿಸಿಕೊಟ್ಟಿದ್ದು. ಆತ, ನನಗೆ ಚಿಕ್ಕಪ್ಪ, ಜಗುಲಿ ಮೇಲೆ ಬೆನ್ನು ಮಾಡಿ ಕೂತಿದ್ದ. ಬೇಡ ಅನ್ನಲಿಲ್ಲ, ನೀರು ಬೇಕಾ ಅಂತಲೂ ಕೇಳಲಿಲ್ಲ. ಮಾತು ಶುರುವಾಗಲು ಮೂರು ಮಳೆಗಾಲ ಹಿಡಿಯಿತು. ಆಮೇಲೆ ಬಿಟ್ಟೂಬಿಡದ ಮಾತು. ಇಬ್ಬರೂ ಸೇರಿದರೆ ನಮಗೆ ಟಿ.ವಿ. ಕೇಳಿಸುವುದಿಲ್ಲ.

ಬೆಟ್ಟದಪುರದಿಂದ ಹಿಡಿದು ಭೇರ್ಯದವರೆಗೆ ಅಪ್ಪನನ್ನು ಕರೆಯದ ಊರಿಲ್ಲ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳಿಗೆ ಅವನ ಕೈಯೇ ಆಗಬೇಕಿತ್ತು. ಬಿಸಿ ಸೋರಿದರೆ ಸೊಪ್ಪು ಹಾಳು. ಅಪ್ಪ ಗಿಲಾವು ಮಾಡಿದ ಬ್ಯಾರನ್ನಿನಲ್ಲಿ ಬಿಸಿ ಸೋರುತ್ತಿರಲಿಲ್ಲ. ಸಿಮೆಂಟು ಸಲೀಸಾಗಿ ಸಿಗುವ ಕಾಲ ಬಂದ ಮೇಲೂ ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಯವರಿಂದ ಅಳಲೆಕಾಯಿ ತರಿಸುತ್ತಿದ್ದ. ಹುಚ್ಚು ಅಂದರು, ಆದರೂ ಕರೆದರು.

ಕರೆಯದ ಗಳಿಗೆ ಒಂದೇ. ನಮ್ಮ ಕಡೆ ಮನೆ ಶುರು ಮಾಡುವಾಗ ಈಶಾನ್ಯದ ಮೂಲೆಯಲ್ಲಿ ಗುಂಡಿ ತೆಗೆದು, ಪೂಜೆ ಮಾಡಿ, ಹಾಲು ಬಿಟ್ಟು ಮೊದಲ ಕಲ್ಲು ಇಡುತ್ತಾರೆ. ಅದೇ ಕೆಸರುಗಲ್ಲು. ಕಲ್ಲಿಡುವುದು ಮೇಸ್ತ್ರಿ, ಎಲೆಅಡಿಕೆ, ಹೊಸ ಪಂಚೆ ಅವನಿಗೆ. ಜೈಲು ಕಂಡ ಕೈಯಿಂದ ಆ ಕಲ್ಲು ಬೀಳಬಾರದು ಅಂತ ಜನರ ಎಣಿಕೆ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. "ಮೇಸ್ತ್ರಿ, ನೀವು ಒಸಿ ಆಮ್ಯಾಕೆ ಬನ್ನಿ" ಅನ್ನುತ್ತಿದ್ದರು, ಅಷ್ಟೆ. ಅಪ್ಪ ಹತ್ತಿರದ ಟೀ ಅಂಗಡಿಯಲ್ಲಿ ಕೂತು, ಪೂಜೆ ಮುಗಿಸಿ ಬಂದ ಯಾರನ್ನಾದರೂ ವಿಚಾರಿಸಿ, ಕರಣೆ ಹಿಡಿದು ಏಳುತ್ತಿದ್ದ. ನೂರಾರು ಮನೆ ಕಟ್ಟಿದ, ಒಂದು ಕೆಸರುಗಲ್ಲನ್ನೂ ಮುಟ್ಟಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಗೋಡೆಗೆ ಆಗುವ ಕೈ ಕಲ್ಲಿಗೆ ಯಾಕಾಗುವುದಿಲ್ಲ ಅಂತ ಜಗಳಕ್ಕೆ ನಿಲ್ಲುತ್ತಿದ್ದೆ. ಅಪ್ಪನೇ ನನ್ನನ್ನು ಗದರುತ್ತಿದ್ದ.

ಹೋದ ವರ್ಷ ಒಬ್ಬ ಎಂಜಿನಿಯರ್ ಯುವತಿ ಹುಣಸೂರಿನ ನಮ್ಮ ಬಾಡಿಗೆ ಮನೆಗೆ ಹುಡುಕಿಕೊಂಡು ಬಂದಳು. ನಾನು ಅಲ್ಲಿ ಹೈಸ್ಕೂಲು ಮೇಡಂ, ಅವ್ವ ತೀರಿಕೊಂಡ ಮೇಲೆ ಅಪ್ಪ ನನ್ನ ಜೊತೆಗೇ ಇದ್ದಾನೆ. ಜೈಲಿನ ಹಳೇ ಭಾಗದಿಂದ ಕೈದಿಗಳನ್ನು ಬೇರೆಡೆಗೆ ಸಾಗಿಸಿದ್ದಾರಂತೆ, ಆ ಹಳೇ ಕಟ್ಟಡವನ್ನು ಉಳಿಸಿಕೊಳ್ಳುವ ಕೆಲಸ ಅವಳ ಪಾಲಿಗೆ ಬಂದಿದೆಯಂತೆ. ಸುಣ್ಣದ ಗಾರೆ ಬಲ್ಲವರು ಯಾರೂ ಸಿಗದೆ ಅಲೆಯುತ್ತಿದ್ದಾಗ ಬೆಟ್ಟದಪುರದ ಒಂದು ಹಳೇ ಬ್ಯಾರನ್ನಿನ ಗೋಡೆ ಕಂಡು, ಇದನ್ನು ಮಾಡಿದ್ದು ಯಾರು ಅಂತ ಕೇಳಿದ್ದಾಳೆ.

ಅಪ್ಪ ಆ ಹುಡುಗಿಯ ಮುಂದೆ ಕೈಕಟ್ಟಿ ನಿಂತ. "ನಾನ್ ಅದ್ರೊಳ್ಗೇ ಇದ್ದೋನು ಕಣವ್ವ. ಕೈದಿಯಾಗಿ" ಅಂತ ಮೊದಲೇ ಹೇಳಿಬಿಟ್ಟ.

"ಹಾಗಾದ್ರೆ ನಮಗಿಂತ ಚೆನ್ನಾಗಿ ನಿಮಗೇ ಗೊತ್ತಿರತ್ತೆ, ಬನ್ನಿ ತಾತ" ಅಂದಳು ಪುಣ್ಯಾತ್ಗಿತ್ತಿ.

ನಾನೂ ರಜೆ ಹಾಕಿ ಹೋದೆ. ಆ ದೊಡ್ಡ ಬಾಗಿಲ ಒಳಗೆ ಕಾಲಿಡುವಾಗ ಅಪ್ಪ ಚಪ್ಪಲಿ ಬಿಟ್ಟ. ನಾನು ನಗಲಿಲ್ಲ. ಒಳಗೆ ತಂಪು. ಬೇಸಿಗೆಯ ಬಿಸಿಲು ಹೊರಗೆ ಕುದಿಯುತ್ತಿದ್ದರೂ ಕಲ್ಲಿನ ಕೋಣೆಗಳಲ್ಲಿ ಮಣ್ಣಿನ ಮಡಕೆಯ ತಂಪು. ಚಾವಣಿಯ ಹತ್ತಿರ ಒಂದು ಗವಾಕ್ಷಿ, ಅಲ್ಲಿಂದ ಚಾಪೆಯಷ್ಟು ಬೆಳಕು ನೆಲಕ್ಕೆ ಬಿದ್ದಿತ್ತು. ಒಂದೊಂದು ಬಾಗಿಲ ಸರಳಿನ ಹಿಂದೆಯೂ ನೆಲದ ಕಲ್ಲು ಸವೆದು ಎರಡು ತಗ್ಗು, ನಿಂತು ನಿಂತು ಹೊರಗೆ ನೋಡಿದವರ ಪಾದಗಳದ್ದು. ಅಪ್ಪ ಕಲ್ಲಿನ ಮೇಲಿನ ಉಳಿಯ ಗೆರೆಗಳನ್ನು ತೋರಿಸುತ್ತ ಹೋದ. ಒಂದು ಸಾಲಿನಲ್ಲಿ ಗೆರೆಗಳೆಲ್ಲ ಉಲ್ಟಾ ವಾರೆ. ಕೆತ್ತಿದವನು ಎಡಚ ಅಂದ. ಎಂಜಿನಿಯರ್ ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ಹೆಸರಿಲ್ಲದ ಒಬ್ಬ ಎಡಚ ಕೈದಿ ಅಷ್ಟು ಕಾಲದ ಮೇಲೆ ಸರ್ಕಾರಿ ಪುಸ್ತಕ ಸೇರಿದ ಅಂತ ನನಗೆ ಖುಷಿಯಾಯಿತು.

ನಡುವೆ ಯಾರೋ ಕಂಟ್ರಾಕ್ಟರು ಕಲ್ಲಿನ ಗೋಡೆಗೆ ಸಿಮೆಂಟು ಮೆತ್ತಿಸಿದ್ದ. ಅಲ್ಲೆಲ್ಲ ಗೋಡೆ ಬೆವೆತು, ಮೇಲೆ ಬಿಳಿ ಉಪ್ಪು ಕಟ್ಟಿ, ಪದರ ಪದರವಾಗಿ ಉದುರುತ್ತಿತ್ತು. "ಉಸ್ರಾಡೋ ಗೋಡೆಗೆ ಬಾಯ್ ಕಟ್ಟವ್ರೆ" ಅಂತ ಅಪ್ಪ ಗೊಣಗಿದ. ಅದರ ಪಕ್ಕದಲ್ಲೇ ಒಂದಾಳೆತ್ತರದ ಜಾಗ ಮೊಟ್ಟೆಯ ಸಿಪ್ಪೆಯಂತೆ ನುಣ್ಣಗೆ, ಒಂದು ಬಿರುಕಿಲ್ಲದೆ ಇತ್ತು. ಅಪ್ಪ ಅಂಗೈ ಇಟ್ಟು ನಿಂತ. "ಇದು ನಂದು" ಅಂದ. ತನ್ನದು ಅಂತ ಅಪ್ಪ ಯಾವುದನ್ನೂ ಹಾಗೆ ಹೇಳಿಕೊಂಡದ್ದನ್ನು ನಾನು ಕೇಳಿರಲಿಲ್ಲ. ನೇಣಿನ ಕೋಣೆಯ ಮುಂದೆ ಬಂದಾಗ ಮಾತ್ರ ಒಳಗೆ ಬರಲಿಲ್ಲ, ಹೊರಗೇ ನಿಂತು ಟವೆಲಿನಿಂದ ಮುಖ ಒರೆಸಿಕೊಂಡ.

ಅಲ್ಲಿ ನಾಲ್ಕು ತಿಂಗಳು ಅಪ್ಪ ಕುರ್ಚಿ ಹಾಕಿಕೊಂಡು ಕೂತು ಹುಡುಗರಿಗೆ ಗಾರೆ ಅರೆಯುವುದನ್ನು ಕಲಿಸಿದ. ನಾಲಿಗೆಗೆ ಮುಟ್ಟಿಸಿ, ಬೈದು, ಮತ್ತೆ ಅರೆಸಿದ. ವಾರಕ್ಕೊಮ್ಮೆ ಮನೆಗೆ ಬಂದಾಗ ಅವನ ನಡಿಗೆಯೇ ಬೇರೆಯಾಗಿತ್ತು.

ಆ ಧೈರ್ಯದಲ್ಲಿ ನಾನು ಹುಣಸೂರಿನಲ್ಲಿ ಕೊಂಡಿದ್ದ ಸೈಟಿನಲ್ಲಿ ಮನೆಗೆ ಕೈಹಾಕಿದೆ. ಕೆಸರುಗಲ್ಲು ಅಪ್ಪನೇ ಇಡಬೇಕು ಅಂತ ಮನಸ್ಸಲ್ಲೇ ತೀರ್ಮಾನಿಸಿದ್ದೆ. ಅಪ್ಪನಿಗೆ ಹೇಳಿರಲಿಲ್ಲ. ಹೇಳಬೇಕೆಂದೇ ಹೊಳೆಯಲಿಲ್ಲ, ನನ್ನ ದಡ್ಡತನ.

ಬೆಳಿಗ್ಗೆ ನೆಂಟರೆಲ್ಲ ಸೇರಿದರು. ಪೂಜಾರಿ ಗುಂಡಿಗೆ ಅರಿಶಿನ ಕುಂಕುಮ ಹಾಕಿ, ಮೇಸ್ತ್ರಿ ಎಲ್ಲಿ ಅಂದ. ನೋಡಿದರೆ ಅಪ್ಪ ಇಲ್ಲ. ಅಪ್ಪನೇ ಕಲ್ಲಿಡುವುದು ಅಂತ ನಾನು ಅಂದ ಕೂಡಲೇ ನನ್ನ ಸೋದರತ್ತೆ, ಅಪ್ಪನ ಸ್ವಂತ ಅಕ್ಕ, ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಬ್ಯಾಡ ಕಣೇ. ನನ್ ತಮ್ಮನೇ, ಇಲ್ಲ ಅನ್ನಕಿಲ್ಲ. ಆದ್ರೂ ಜೈಲು ಕಂಡ ಕೈ. ಬಾಳಿ ಬದುಕೋ ಮನೆ."

ನಾನು ಬಾಯಿ ತೆರೆಯುವ ಮುಂಚೆ ಚಿಕ್ಕಪ್ಪ ತನ್ನ ಸೊಟ್ಟ ಮೊಳಕೈಯನ್ನು ಅವಳ ಮುಂದೆ ಹಿಡಿದ. "ಅಕ್ಕ, ಮುರ್ದಿದ್ದು ನನ್ ಕೈಯ, ನಿನ್ನದಲ್ಲ. ನಂಗಿಲ್ದಿದ್ದು ನಿಂಗ್ಯಾಕೆ?"

ಅತ್ತೆ ಹಿಂದೆ ಸರಿದಳು. ಚಿಕ್ಕಪ್ಪ ನನ್ನತ್ತ ತಿರುಗಿ "ಬಾ, ಎಲ್ಲವ್ನೆ ಅಂತ ನಂಗೊತ್ತು" ಅಂದ.

ರಸ್ತೆಯಾಚೆಯ ಟೀ ಅಂಗಡಿಯ ಬೆಂಚಿನ ಮೇಲೆ ಅಪ್ಪ ಕೂತಿದ್ದ. ಒಗೆದ ಅಂಗಿ, ತೊಡೆಯ ಮೇಲೆ ಕರಣೆ. ಸ್ವಂತ ಮಗಳ ಸೈಟು ಅನ್ನುವುದನ್ನೂ ಮರೆತು, ಬದುಕಿಡೀ ಕೂತ ಹಾಗೇ ಕೂತಿದ್ದ. ನಮ್ಮನ್ನು ಕಂಡು ಗ್ಲಾಸು ಕೆಳಗಿಟ್ಟ.

"ಪೂಜೆ ಮುಗೀತಾ ಮಗಾ? ಬರ್ಲಾ ನಾನು?"

ನನಗೆ ಅಳು ಒತ್ತಿಕೊಂಡು ಬಂತು. ಚಿಕ್ಕಪ್ಪನೇ ಹೇಳಿದ: "ಮುಗ್ದಿಲ್ಲ ಕಣಣ್ಣ. ನೀನ್ ಬಂದು ಕಲ್ಲಿಡ್ಬೇಕು. ಎದ್ದೇಳು."

"ನಾನಾ?" ಅಂದ ಅಪ್ಪ. ತನ್ನ ಕೈ ನೋಡಿಕೊಂಡ. ಆಮೇಲೆ ಚಿಕ್ಕಪ್ಪನ ಕೈ ನೋಡಿದ. "ಈ ಕೈಲಿ ಬ್ಯಾಡ ಕಣ್ಲಾ. ಮಗಿ ಮನೆ ಅದು."

ಚಿಕ್ಕಪ್ಪ ತನ್ನ ಸೊಟ್ಟ ಕೈಯನ್ನೇ ಅಪ್ಪನ ಕಂಕುಳಿಗೆ ಕೊಟ್ಟು ಎಬ್ಬಿಸಿದ. ಅಪ್ಪ ಆ ಕೈಯ ಮೇಲೆ ಭಾರ ಹಾಕಿ ಎದ್ದ, ಅದನ್ನು ಹಿಡಿದುಕೊಂಡೇ ರಸ್ತೆ ದಾಟಿದ.