ಮೇಲಿಂದ ಹೊಯ್ದ ನೀರು

ಹಾರನಹಳ್ಳಿಯಲ್ಲಿ ನನ್ನ ಕಿರುಚಿತ್ರದ ಶೂಟಿಂಗ್. ಹಳೇ ಕಾಲದ ಧಣಿಯೊಬ್ಬ ಚೊಂಬು ತಾಗದ ಹಾಗೆ, ಕೂಲಿಯವನ ಬೊಗಸೆಗೆ ಎತ್ತರದಿಂದ ನೀರು ಹೊಯ್ಯುವ ದೃಶ್ಯ. ಅರಸೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ನಿವೃತ್ತ ಮೇಷ್ಟ್ರೊಬ್ಬರನ್ನು ಬರೀ ಮೀಸೆ ನೋಡಿ ಧಣಿಯ ಪಾತ್ರಕ್ಕೆ ಒಪ್ಪಿಸಿದ್ದೆ. ಅವರು ರುಮಾಲು ಸುತ್ತಿಕೊಳ್ಳುವಾಗ ಕ್ಯಾಮೆರಾದವನು ನನ್ನ ಕಿವಿಯಲ್ಲಿ ಉಸುರಿದ: ಅವರಪ್ಪ ಇದೇ ಬೀದಿಯಲ್ಲಿ ಹಾಗೆ ಬೊಗಸೆಯೊಡ್ಡಿ ನೀರು ಕುಡಿದವರಂತೆ.

ನಾನು ಅವರ ಹತ್ತಿರ ಓಡಿದೆ.

"ಮೇಷ್ಟ್ರೇ, ನಂಗೆ ಗೊತ್ತಿರಲಿಲ್ಲ. ಬೇಜಾರಾದ್ರೆ ಹೇಳಿ, ಪಾತ್ರ ಬದಲಾಯಿಸೋಣ. ಬೇಕಾದ್ರೆ ಕೂಲಿಯವನ ಪಾತ್ರ..." ಅಂದವನು ನಾಲಿಗೆ ಕಚ್ಚಿಕೊಂಡೆ.

ಅವರು ಜೋರಾಗಿ ನಕ್ಕರು. "ಅದನ್ನ ನಮ್ಮಪ್ಪ ಜೀವಮಾನವೆಲ್ಲ ಮಾಡವ್ರೆ ಕಣ್ರೀ. ನಾನು ಇದನ್ನೇ ಮಾಡ್ತೀನಿ, ಸುಮ್ನಿರಿ."

ಹೋದ ಜೀವ ಬಂದಂತಾಯಿತು.

ಆದರೆ ದೃಶ್ಯ ಮಾತ್ರ ಮಧ್ಯಾಹ್ನವಾದರೂ ಮುಗಿಯಲಿಲ್ಲ. "ಇನ್ನೂ ಮೇಲೆತ್ತಿ ಮೇಷ್ಟ್ರೇ" ಎಂದು ಎಷ್ಟು ಕೂಗಿದರೂ, ನೀರು ಹೊಯ್ಯುವ ಹೊತ್ತಿಗೆ ಬಗ್ಗಿ ಚೊಂಬನ್ನು ಕೂಲಿಯವನ ಕೈಗೇ ತಾಗಿಸಿಬಿಡುತ್ತಿದ್ದರು. ಕೇಳಿದರೆ, "ನೀರು ಚೆಲ್ತದಲ್ಲಪ್ಪ" ಅನ್ನುತ್ತಿದ್ದರು.

ಕೊನೆಗೆ ಕೈ ಮಾತ್ರ ಕಾಣುವ ಶಾಟ್ ಇಟ್ಟು, ಅವರ ಅಂಗಿ ತೊಟ್ಟು ಚೊಂಬನ್ನು ನಾನೇ ಹಿಡಿದೆ. ನನ್ನ ಕೈಗೆ ಅದು ಮೊದಲನೇ ಸಲಕ್ಕೇ ಸಲೀಸಾಗಿ ಬಂತು.