ಒಂದು ಸಾಲೂ ಬಿಡಬ್ಯಾಡ್ರಿ

ನೀಲಮ್ಮ ಕಾಕು ಪುಸ್ತಕವನ್ನು ಬೆರಳಿನಿಂದಲೂ ಕೇಳುತ್ತಿದ್ದರು. ನಾನು ಓದುವಾಗ ಪಕ್ಕಕ್ಕೇ ಒತ್ತಿ ಕೂತು, ತೆರೆದ ಪುಸ್ತಕದ ಬಲಮೂಲೆಯ ಮೇಲೆ ತೋರುಬೆರಳು ಇಟ್ಟಿರುತ್ತಿದ್ದರು. ಹಾಳೆ ತಿರುವುವಾಗ ಬೆರಳು ಎತ್ತುವುದು, ತಿರುವಿದ ಮೇಲೆ ಮತ್ತೆ ಇಡುವುದು. ಸಕ್ಕರೆ ಕಾಯಿಲೆ ಎರಡೂ ಕಣ್ಣು ತಿಂದುಹಾಕಿದ ಮೇಲೆ ಅವರು ಓದುತ್ತಿದ್ದದ್ದು ಹಾಗೆ.

ಉಣಕಲ್ಲಿನಲ್ಲಿ ನಮ್ಮದೂ ಅವರದೂ ಒಂದೇ ಗೋಡೆಯ ಮನೆಗಳು. ಅಮರಗೋಳದ ಮಾರುಕಟ್ಟೆಯಲ್ಲಿ ಅವರದ್ದು ಮೆಣಸಿನಕಾಯಿ ದಲಾಲಿ ಅಂಗಡಿ; ಯಜಮಾನರು ತೀರಿದ ಮೇಲೆ ಮಗ ಶಿವಾನಂದ ನಡೆಸುತ್ತಿದ್ದಾನೆ. ನಾನು ಶಾಲೆಯಲ್ಲಿ ಕನ್ನಡ ಕಲಿಸುವವಳು. ಅದಕ್ಕೇ ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರಾದರೂ ನನ್ನನ್ನು ಅಕ್ಕೋರ ಎಂದೇ ಕರೆಯುತ್ತಿದ್ದರು. ಭಾನುವಾರ ಊಟವಾದ ಮೇಲೆ, ವಾರದಲ್ಲಿ ಇನ್ನೊಂದೆರಡು ಸಂಜೆ, ನಾನು ಓದುತ್ತಿದ್ದ ಪುಸ್ತಕವನ್ನೇ ಅವರಿಗೂ ಓದುತ್ತಿದ್ದೆ. ಅವರ ಷರತ್ತು ಒಂದೇ. "ಒಂದು ಸಾಲೂ ಬಿಡಬ್ಯಾಡ್ರಿ. ಬ್ಯಾಸರಾದ್ರ ಆಗ್ಲಿ, ತೂಕಡಿಸ್ತೇನಿ. ಆದ್ರ ಬಿಡಬ್ಯಾಡ್ರಿ."

ಸುಮ್ಮನೆ ಕೇಳುವ ಜೀವವೇ ಅಲ್ಲ ಅದು. ಹೋದ ವರ್ಷ ಮೆಣಸಿನಕಾಯಿಯ ಚರಿತ್ರೆ ಹೇಳುವ ಒಂದು ಪುಸ್ತಕ ಓದಿದೆವು. ಅದು ಹಡಗಿನಲ್ಲಿ ಕಡಲು ದಾಟಿ ಬಂದ ಬೆಳೆ ಎಂಬಲ್ಲಿಗೆ ಬಂದಾಗ ಕಾಕು ಬೆರಳು ಕಿತ್ತುಕೊಂಡರು. "ಏ, ನಿಲ್ಲಸ್ರಿ! ನಲವತ್ತು ವರ್ಷ ಆ ಘಾಟಿಗೇ ಸೀನೇವಿ ನಾವು. ಬ್ಯಾಡಗಿ ಕಾಯಿ ಪರದೇಶದ್ದಂತ? ಬರದಾಂವಗ ತಲಿ ಐತೋ ಇಲ್ಲೋ?" ಎರಡು ದಿನ ಮುನಿಸು. ಮೂರನೆಯ ದಿನ ತಾವೇ ರಾಜಿಯಾದರು. "ಇರ್ಲಿ ಬಿಡ್ರಿ. ಸೊಸಿನೂ ಹೊರಗಿಂದನ ಬರ್ತಾಳ. ಆಮ್ಯಾಲ ಮನಿ ಆಕಿದ ಆಗ್ತೈತಿ." ಅಡುಗೆಮನೆಯಲ್ಲಿದ್ದ ಸೊಸೆ ನಕ್ಕಿದ್ದು ನಮಗೆ ಕೇಳಿಸಿತು.

ನಾನು ತಪ್ಪು ಮಾಡಿದ್ದು ಅದರ ಮುಂದಿನ ಕಾದಂಬರಿಯಲ್ಲಿ. ತಾಯಿ ಮಗಳ ಕಥೆ. ಮಗಳು ಹೆರಿಗೆಯಲ್ಲಿ ಸಾಯುತ್ತಾಳೆ. ಮುಂಚೆಯೇ ಓದಿಕೊಂಡಿದ್ದ ನನಗೆ ಅದು ಗೊತ್ತಿತ್ತು. ಕಾಕುವಿನ ಮಗಳು ಸುಜಾತಾ ಹೋಗಿದ್ದೂ ಚೊಚ್ಚಲ ಹೆರಿಗೆಯಲ್ಲೇ, ಮೂವತ್ತು ವರ್ಷದ ಹಿಂದೆ. ಆ ಮನೆಯಲ್ಲಿ ಆಕೆಯ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಸೊಸೆ ಒಮ್ಮೆ ಪಿಸುದನಿಯಲ್ಲಿ ಹೇಳಿದ್ದಳು. ಆ ಅಧ್ಯಾಯ ಬಂದಾಗ ಮೂರು ಹಾಳೆ ಒಟ್ಟಿಗೆ ತಿರುವಿ, ಮಗಳು ಉಳಿದಳು, ತೊಟ್ಟಿಲು ಕಟ್ಟಿದರು ಎಂದು ಬಾಯಿಗೆ ಬಂದಂತೆ ಕಥೆ ಹೆಣೆದೆ.

ಕಾಕು ಕೊನೆಯವರೆಗೂ ಕೇಳಿ, "ಒಮ್ಮೆಲೇ ಮೂರು ಹಾಳಿ ತಿರುವಿದ್ರಲ್ರಿ, ಅಕ್ಕೋರ?" ಎಂದರು.

ನಾನು ಪುಸ್ತಕ ಮುಚ್ಚಿದೆ.

"ಆಕಿ ಸಾಯ್ತಾಳ, ಹೌದಿಲ್ಲೋ?"

"ಹೌದ್ರಿ ಕಾಕು. ನಿಮಗ ಸಂಕಟ ಆಗ್ತದಂತ..."

"ನನ್ನ ಸುಜಾತಾ ಸತ್ತಾಗ ಎಲ್ಲಾರೂ ಹಿಂಗ ಮಾಡಿದ್ರು. ಫೋಟೋ ತಗದಿಟ್ರು, ಸೀರಿ ಯಾರಿಗೋ ಕೊಟ್ಟಬಿಟ್ರು. ನನಗ ಸಂಕಟ ಆಗ್ತೈತಂತ. ಮೂವತ್ತು ವರ್ಷ ಆತ್ರಿ, ಆಕಿ ಸುದ್ದಿ ಮಾತಾಡಾಕ ನನಗ ಒಬ್ಬರಿಲ್ಲ. ಪುಸ್ತಕ ಆದ್ರೂ ಖರೇ ಹೇಳ್ತಾವಂತ ತಿಳದಿದ್ದೆ. ಅದರಾಗೂ ನೀವು ಹಾಳಿ ತಿರುವಿದ್ರಿ."

ನಾಚಿಕೆಯಿಂದ ಸತ್ತೇ ಹೋದೆ. ಆ ಮೂರು ಹಾಳೆಗಳನ್ನು ಮತ್ತೆ ತೆರೆದು ಓದಿದೆ. ಇಬ್ಬರೂ ಅತ್ತೆವು. ಆಮೇಲೆ ದೀಪ ಹಚ್ಚುವ ತನಕ ಕಾಕು ಸುಜಾತಾಳ ಸುದ್ದಿಯನ್ನೇ ಹೇಳಿದರು. ಆಕೆ ಎಡಗೈಯಲ್ಲಿ ರೊಟ್ಟಿ ಬಡಿಯುತ್ತಿದ್ದಳಂತೆ, ಒಂದೂ ದುಂಡಗೆ ಬರುತ್ತಿರಲಿಲ್ಲವಂತೆ. ಇನ್ನು ಮೇಲೆ ಒಂದಕ್ಷರವೂ ಬಿಡುವುದಿಲ್ಲವೆಂದು ಅವರ ಕೈ ಮುಟ್ಟಿ ಭಾಷೆ ಕೊಟ್ಟೆ.

ಆ ಭಾಷೆ ಇಷ್ಟು ಬೇಗ ಕುತ್ತಿಗೆಗೆ ಬರುತ್ತದೆಂದು ಎಣಿಸಿರಲಿಲ್ಲ. ಈ ಬೇಸಿಗೆಯಲ್ಲಿ ಕಾಕುವಿಗೆ ಊಟ ಸೇರದಾಯಿತು. ಆಸ್ಪತ್ರೆಗೆ ಅಲೆದಾಟ ಶುರುವಾಯಿತು. ಆಗ ನಾವೊಂದು ಕೊಲೆಯ ಕಾದಂಬರಿ ಹಿಡಿದಿದ್ದೆವು. ಮೂರನೆಯ ಅಧ್ಯಾಯಕ್ಕೇ "ಕೊಂದಾಂವ ಆ ವಕೀಲನ ನೋಡ್ರಿ, ಹಲ್ಕಾ ಮನಶ್ಯಾ" ಎಂದು ಕಾಕು ತೀರ್ಪು ಕೊಟ್ಟಾಗಿತ್ತು. ಶಿವಾನಂದ ರಿಪೋರ್ಟು ತಂದ ಸಂಜೆ ನಾನು ಅಲ್ಲೇ ಇದ್ದೆ. "ಎಲ್ಲಾ ಛಲೋ ಐತಿ, ಯವ್ವಾ" ಎಂದ. ಕಾಕು ಆ ಕಾಗದವನ್ನು ಇಸಿದುಕೊಂಡು ನನ್ನ ತೊಡೆಯ ಮೇಲೆ ಹಾಕಿ, ಮೂಲೆಯಲ್ಲಿ ಬೆರಳಿಟ್ಟರು.

"ಓದ್ರಿ, ಅಕ್ಕೋರ. ಕನ್ನಡ ಮಾಡಿ ಓದ್ರಿ."

ಅವರ ಬೆನ್ನ ಹಿಂದೆ ನಿಂತಿದ್ದ ಶಿವಾನಂದ ನನಗೆ ಕೈ ಮುಗಿದ. ಬೇಡವೆಂದು ತಲೆಯಾಡಿಸಿದ. ಅವನ ಕಣ್ಣು ತುಂಬಿತ್ತು. ಹೇಳಲು ನಾನು ಯಾರು? ಪಕ್ಕದ ಮನೆಯವಳು. ಸುಳ್ಳು ಹೇಳಲು ಬಾಯಿ ತೆರೆದೆ, ಆಗಲಿಲ್ಲ. ಓದಿದೆ. ಹೊಟ್ಟೆಯಲ್ಲಿ ಗಡ್ಡೆ ಇರುವುದು, ಅದು ಕ್ಯಾನ್ಸರ್ ಆಗಿರುವುದು, ಪಿತ್ತಜನಕಾಂಗಕ್ಕೂ ಹರಡಿರುವುದು, ಎಲ್ಲವನ್ನೂ ಓದಿದೆ. ಶಿವಾನಂದ ಬಾಗಿಲು ದಡ್ಡನೆ ಎಳೆದುಕೊಂಡು ಹೊರಗೆ ಹೋದ. ಇವತ್ತಿಗೂ ಅವನು ನನ್ನೊಡನೆ ನೆಟ್ಟಗೆ ಮಾತಾಡುವುದಿಲ್ಲ. ಅವನ ಮೇಲೆ ನನಗೆ ಸಿಟ್ಟಿಲ್ಲ.

ಕಾಕು ಕಾಗದದ ಮೇಲಿನ ಬೆರಳು ತೆಗೆದರು. ಆಮೇಲೆ ಕೇಳಿದರು, "ನಮ್ಮ ಕಾದಂಬರಿ ಇನ್ನೆಷ್ಟು ಉಳದೈತ್ರಿ?"

"ಇನ್ನೂರು ಪುಟದ ಮ್ಯಾಲ ಅದ ಕಾಕು."

"ಹಂಗಾದ್ರ ನಡುವಿಂದು ಬಿಡ್ರಿ. ಕಡೀ ಅಧ್ಯಾಯ ಓದ್ರಿ. ಕೊಂದಾಂವ ಯಾರಂತ ತಿಳಕೊಂಡ ಹೋಗ್ತೇನಿ."

ಪುಟ ಬಿಡ್ರಿ ಎಂಬ ಮಾತನ್ನು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಕೊನೆಯ ಅಧ್ಯಾಯ ತೆರೆದು ಓದಿದೆ. ಕೊಂದವನು ವಕೀಲನಲ್ಲ, ಸತ್ತವನ ಸ್ವಂತ ತಮ್ಮ.

"ಅಯ್ಯ, ಪಾಪ!" ಎಂದರು ಕಾಕು. "ಆ ವಕೀಲಗ ಸುಮ್ಮಸುಮ್ಮನ ಬೈದ್ನಲ್ರಿ."

ಮತ್ತೆ ಕೂತು ಪುಸ್ತಕ ಕೇಳುವಷ್ಟು ಶಕ್ತಿ ಅವರಿಗೆ ಬರಲೇ ಇಲ್ಲ. ಮೂರು ವಾರಕ್ಕೆ ಹೋದರು. ಆ ಕಾದಂಬರಿಯ ನಡುವಿನ ಪುಟಗಳನ್ನು ನಾನಿನ್ನೂ ಓದಿಲ್ಲ. ಓದಬೇಕೆಂದು ಎಷ್ಟೋ ಸಲ ಕೈಗೆ ತೆಗೆದುಕೊಂಡಿದ್ದೇನೆ. ಒಬ್ಬಳೇ ಓದಲು ಆಗುವುದಿಲ್ಲ.