ಇಲ್ಲದ ಬ್ರೇಕ್
ಲತೇಶ್ ಪುರಂದರಣ್ಣನನ್ನು ಮೊದಲು ಕಂಡದ್ದು ದುಬೈಯಲ್ಲಿ, ಅಲ್ ಕುಸೈಸ್ ಕಡೆಗೆ ಹೋಗುವ ಮೆಟ್ರೋದಲ್ಲಿ. ಸ್ಟೇಷನ್ ಹತ್ತಿರವಾದದ್ದೇ ತಡ, ಪಕ್ಕದ ಸೀಟಿನ ದಪ್ಪ ಮೀಸೆಯ ಮನುಷ್ಯನ ಬಲಗಾಲು ಲತೇಶನ ಪಾದವನ್ನು ಬಲವಾಗಿ ಅದುಮಿತು. "ಬೇಜಾರ್ ಮಾಡ್ಬೇಡ ಮಾರಾಯಾ, ನಾನು ಡ್ರೈವಿಂಗ್ ಕಲಿಸುವವ. ಹೆದರಿಕೆ ಮೊದಲು ಕಾಲಿಗೆ ಆಗ್ತದೆ, ತಲೆಗೆ ಗೊತ್ತಾಗುವುದು ಆಮೇಲೆ," ಎಂದರು. ಇಪ್ಪತ್ತು ವರ್ಷ ಕಲಿಯುವವರ ಪಕ್ಕದಲ್ಲಿ ಕೂತು, ಕಲಿಸುವವರಿಗೆಂದೇ ಇರುವ ತಮ್ಮ ಕಡೆಯ ಬ್ರೇಕ್ ಒತ್ತಿ ಒತ್ತಿ ಪಳಗಿದ ಕಾಲು ಅದು. ಲಿಫ್ಟ್ ಇಳಿಯುವಾಗಲೂ ನೆಲ ಒತ್ತುತ್ತದೆ, ಹೆಂಡತಿ ಶರ್ಮಿಳಾ ಬಿಸಿ ಸಾರಿನ ಪಾತ್ರೆ ಹಿಡಿದು ಬಂದರೂ ಒತ್ತುತ್ತದೆ. "ಇವರನ್ನು ಅಬ್ರಾ ಹತ್ತಿಸಿದರೆ ದೋಣಿಯೇ ತೂತಾದೀತು," ಎಂದು ಆಕೆ ನಗುತ್ತಾರೆ. ಆದರೆ ಮಗಳು ತೃಷಾ ಅವರ ಬಳಿ ಕಲಿಯಲು ಕೂತಾಗ ಮನೆಯಲ್ಲಿ ಯಾರೂ ನಗಲಿಲ್ಲ. ಖಾಲಿ ರಸ್ತೆಯಲ್ಲೂ ಆ ಕಾಲು ಬ್ರೇಕ್ ಬಿಡಲಿಲ್ಲ. ಹುಡುಗಿ ಸ್ಟಿಯರಿಂಗ್ ಬಿಟ್ಟು ಅವರತ್ತ ತಿರುಗಿದಳು. "ಪಪ್ಪಾ, ಪ್ಲೀಸ್! ರೋಡಲ್ಲಿ ಯಾರೂ ಇಲ್ಲ. ನಿಮ್ಮ ಹೆದರಿಕೆ ನನಗೂ ಬರ್ತಾ ಉಂಟು," ಎಂದು ಅತ್ತಳು. ಮರುದಿನವೇ ಅವರು ಅವಳನ್ನು ಬೇರೊಬ್ಬ ಮಾಸ್ತರರಿಗೆ ಒಪ್ಪಿಸಿದರು. ಈಗ ತೃಷಾ ಕಾರು ಓಡಿಸುತ್ತಾಳೆ. ಪುರಂದರಣ್ಣ ಹಿಂದಿನ ಸೀಟಿನಲ್ಲಿ, ಬಲಗಾಲನ್ನು ತೊಡೆಯ ಕೆಳಗೆ ಮಡಚಿಕೊಂಡು ಕೂರುತ್ತಾರೆ.